ನಾಗೋಯಾದಲ್ಲಿ ಮೀಟಿಂಗ್ ನಡುವೆ ಮೂರು ಗಂಟೆ ಬಿಡುವು: ಏನು ನೋಡಬಹುದು, ಸಸ್ಯಾಹಾರಿ ಏನು ತಿನ್ನಬಹುದು?

ನರಸಾಪುರ ಶಿಫ್ಟ್ (ಕೋಲಾರ)

ಎಲ್ಲರಿಗೂ ನಮಸ್ಕಾರ. ನರಸಾಪುರದ ಬಿಡಿಭಾಗ ತಯಾರಿಸೋ ಕಂಪನಿಯಿಂದ ಮೂರು ದಿನದ ಕೆಲಸಕ್ಕೆ ಜಪಾನಿನ ನಾಗೋಯಾಗೆ ಹೋಗ್ಬೇಕಾಗಿದೆ. ಮೊದಲ ಸಲ. ಹೋಟೆಲ್ ನಾಗೋಯಾ ಸ್ಟೇಷನ್ ಪಕ್ಕದಲ್ಲೇ. ದಿನಚರಿ ಹೀಗಿದೆ:

ಸೋಮವಾರ, ನವೆಂಬರ್ 23: ಸ್ಟೇಷನ್ ಹತ್ತಿರದ ಆಫೀಸಲ್ಲಿ ಬೆಳಿಗ್ಗೆ 9:30ರಿಂದ 12:15. ಮತ್ತೆ ಅಲ್ಲೇ 3:30ಕ್ಕೆ. ನಡುವೆ ಊಟಕ್ಕೆ ಯಾರ ಜೊತೆಗೂ ಹೋಗೋದಿಲ್ಲ, ಪೂರ್ತಿ ಬಿಡುವು.
ಮಂಗಳವಾರ: ಕಾರಿಯಾದಲ್ಲಿ ಪ್ಲಾಂಟ್ ನೋಡೋದು, ಸಂಜೆ 6ರವರೆಗೆ.
ಬುಧವಾರ: ಮಧ್ಯಾಹ್ನ 12ಕ್ಕೆ ಎಲ್ಲ ಮುಗಿಯುತ್ತೆ. ರಾತ್ರಿ 8:30ಕ್ಕೆ ಏರ್‌ಪೋರ್ಟ್‌ನಲ್ಲಿ ಇರಬೇಕು.

ಸೋಮವಾರದ ಬಿಡುವಲ್ಲಿ ನಾಗೋಯಾ ಕೋಟೆ ನೋಡಿ ಬರಬಹುದಾ? ಸೋಮವಾರ ಮ್ಯೂಸಿಯಂಗಳಿಗೆ ರಜೆ ಅಂತಾನೂ ಓದಿದೆ. ಬುಧವಾರ ದೊಡ್ಡ ಸೂಟ್‌ಕೇಸ್ ಇಟ್ಕೊಂಡು ಎಲ್ಲಿಗಾದ್ರೂ ಹೋಗೋಕೆ ಆಗುತ್ತಾ? ಮಾಂಸ, ಮೀನು ತಿನ್ನಲ್ಲ, ಮೊಟ್ಟೆ ನಡೆಯುತ್ತೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

---

ವಸಂತನರಸಾಪುರ ಗೇಜ್ (ತುಮಕೂರು)

ಮೊದಲು ನಿಮ್ಮ ಸೋಮವಾರದ ವಿಷಯ ನೋಡೋಣ. ನವೆಂಬರ್ 23 ಜಪಾನಿನಲ್ಲಿ ರಾಷ್ಟ್ರೀಯ ರಜೆ, ಕಾರ್ಮಿಕರಿಗೆ ಕೃತಜ್ಞತೆ ಹೇಳೋ ದಿನ. ಹಾಗಿದ್ದೂ ನಿಮಗೆ ಮೀಟಿಂಗ್ ಇಟ್ಟಿದ್ದಾರೆ ಅಂದ್ರೆ ಆಶ್ಚರ್ಯ ಬೇಡ. ಆ ಕಡೆಯ ಮೋಟಾರು ಕಂಪನಿಗಳು ‘ಟೊಯೋಟಾ ಕ್ಯಾಲೆಂಡರ್’ ಪ್ರಕಾರ ನಡೀತವೆ. ವಾರದ ದಿನಗಳಲ್ಲಿ ಬರೋ ಸರ್ಕಾರಿ ರಜೆಗಳಲ್ಲಿ ಕೆಲಸ ಮಾಡಿ, ಮೇ, ಆಗಸ್ಟ್ ಮತ್ತು ವರ್ಷದ ಕೊನೆಯಲ್ಲಿ ಒಟ್ಟಿಗೆ ಉದ್ದ ರಜೆ ತಗೋತಾರೆ. ಇದರಿಂದ ನಿಮಗೆ ಲಾಭವೇ. ಸೋಮವಾರ ರಜೆ ಇರೋ ಮ್ಯೂಸಿಯಂಗಳು, ಆ ಸೋಮವಾರವೇ ಸರ್ಕಾರಿ ರಜೆಯಾದರೆ ತೆರೆದಿದ್ದು ಮಾರನೇ ದಿನ ಮುಚ್ಚುತ್ತವೆ. ಹಾಗಾಗಿ ಸೋಮವಾರ ನಿಮಗೆ ಬಾಗಿಲು ತೆರೆದಿರುತ್ತೆ, ಮಂಗಳವಾರ ಮುಚ್ಚಿರುತ್ತೆ. ಆವತ್ತು ನೀವು ಹೇಗೂ ಕಾರಿಯಾದಲ್ಲಿ ಇರ್ತೀರಿ.

ಈಗ ಸಮಯದ ಲೆಕ್ಕ. 12:15ರಿಂದ 3:30 ಅಂದ್ರೆ ಮೂರೂಕಾಲು ಗಂಟೆ. ಮೀಟಿಂಗಿಗೆ ಹತ್ತು ನಿಮಿಷ ಮೊದಲೇ ರಿಸೆಪ್ಷನ್‌ನಲ್ಲಿರಬೇಕು. ನಾಗೋಯಾ ಸ್ಟೇಷನ್ ಒಳಗೆ ದಾರಿ ತಪ್ಪೋಕೆ ಹದಿನೈದು ನಿಮಿಷ ಬೇರೆಯಾಗಿ ಎತ್ತಿಡಿ, ಇದನ್ನ ಬಿಡಲೇಬೇಡಿ. ಊಟಕ್ಕೆ ಅರ್ಧ ಗಂಟೆ. ಕೈಯಲ್ಲಿ ಉಳಿಯೋದು ಎರಡು ಗಂಟೆ ಇಪ್ಪತ್ತು ನಿಮಿಷ. ಅದರಲ್ಲಿ ಹೋಗಿಬರೋಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಡಿಯೋ ಜಾಗ ಬೇಡ.

ಕೋಟೆ ಆಗುತ್ತೆ, ಆದ್ರೆ ನಾನು ಹೇಳೋದು ಬೇಡ ಅಂತ. ಕೋಟೆಯ ಮುಖ್ಯ ಗೋಪುರ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಈಗ ಕಾಣೋದು 1959ರಲ್ಲಿ ಕಟ್ಟಿದ ಕಾಂಕ್ರೀಟ್ ಕಟ್ಟಡ. ಭೂಕಂಪ ತಡೆಯೋ ಬಲ ಸಾಲದು ಅಂತ 2018ರಿಂದ ಅದರೊಳಗೆ ಬಿಡ್ತಿಲ್ಲ. ಪಕ್ಕದ ಹೊನ್‌ಮಾರು ಅರಮನೆ ಮರದಲ್ಲಿ ಮತ್ತೆ ಕಟ್ಟಿದ್ದು, ನಿಜಕ್ಕೂ ಚೆನ್ನಾಗಿದೆ. ಆದ್ರೆ ಶೂ ಬಿಚ್ಚಿ, ಬ್ಯಾಗ್ ಎದೆ ಮುಂದೆ ಹಾಕ್ಕೊಂಡು, ನಿಧಾನವಾಗಿ ಸಾಗೋ ಸಾಲಲ್ಲಿ ನಡೀಬೇಕು. ರಜೆಯ ದಿನ ಆ ಸಾಲು ಬೆಳೆಯುತ್ತೆ. ಕೈಗಡಿಯಾರ ನೋಡ್ತಾ ನೋಡೋ ಜಾಗ ಅಲ್ಲ ಅದು.

ನಿಮ್ಮಂಥ ಕೆಲಸದವರಿಗೆ ಸೋಮವಾರ ಹೋಗಬೇಕಾದ್ದು ಟೊಯೋಟಾದ ಉದ್ಯಮ ಮತ್ತು ತಂತ್ರಜ್ಞಾನ ಸ್ಮಾರಕ ಮ್ಯೂಸಿಯಂ. ಮೇಯ್ತೆತ್ಸು ಅನ್ನೋ ಖಾಸಗಿ ಕಂಪನಿಯ ರೈಲಲ್ಲಿ ಒಂದೇ ಸ್ಟಾಪ್, ಸಾಕೋ ಅನ್ನೋ ಸ್ಟೇಷನ್. ಇಳಿದು ಮೂರು ನಿಮಿಷ ನಡಿಗೆ. ಬೆಳಿಗ್ಗೆ 9:30ರಿಂದ ಸಂಜೆ 5. ಜಾಗ ಹಳೇ ನೂಲಿನ ಮಿಲ್ಲಿನ ಕೆಂಪು ಇಟ್ಟಿಗೆ ಕಟ್ಟಡ.

ಜನ ಎಡವೋದು ಮೇಯ್ತೆತ್ಸು ಸ್ಟೇಷನ್‌ನಲ್ಲೇ. ನೆಲದಡಿ ಇರೋದು ಎರಡೇ ಹಳಿ. ಅವುಗಳಲ್ಲೇ ಹತ್ತಾರು ಊರಿನ ರೈಲುಗಳು ಒಂದರ ಹಿಂದೆ ಒಂದು ಬರ್ತಾ ಇರ್ತವೆ. ಪ್ಲಾಟ್‌ಫಾರಂ ನೆಲದ ಮೇಲೆ ಬಣ್ಣಬಣ್ಣದ ಸಾಲುಗಳಿವೆ. ಮೇಲಿನ ಬೋರ್ಡಲ್ಲಿ ನಿಮ್ಮ ರೈಲಿನ ಬಣ್ಣ ನೋಡಿ ಆ ಸಾಲಲ್ಲೇ ನಿಲ್ಲಬೇಕು. ಸಾಕೋಗೆ ಇಚಿನೋಮಿಯಾ, ಗಿಫು ಕಡೆ ಹೋಗೋ ಹಳಿಗೆ ಹೋಗಿ, ‘ಲೋಕಲ್’ ಅಂತ ಬರೆದಿರೋದನ್ನ ಮಾತ್ರ ಹತ್ತಿ. ಅಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಹತ್ತಿದ್ರೋ, ಮ್ಯೂಸಿಯಂ ಕಿಟಕಿಯಲ್ಲಿ ಹಿಂದೆ ಹೋಗೋದನ್ನ ನೋಡ್ತೀರಿ. ಲೋಕಲ್ ಆಗ ತಾನೇ ಬಿಟ್ಟಿದ್ರೆ ಕಾಯಬೇಡಿ, ಟ್ಯಾಕ್ಸಿಯಲ್ಲಿ ಹತ್ತು ನಿಮಿಷದೊಳಗೆ ಹೋಗಬಹುದು. ನಡೆದ್ರೆ ಇಪ್ಪತ್ತೈದು ನಿಮಿಷ. ವಾಪಸ್ ಬರುವಾಗ ನಡೆದೇ ಬನ್ನಿ, ದಾರಿಯಲ್ಲಿ ನೊರಿತಾಕೆ ಪಿಂಗಾಣಿ ಕಂಪನಿಯ ಹಳೇ ಜಾಗ ಸಿಗುತ್ತೆ, 1904ರ ಇಟ್ಟಿಗೆ ಕಟ್ಟಡಗಳಿರೋ ತೋಟ. ತೋಟಕ್ಕೆ ಟಿಕೆಟ್ ಇಲ್ಲ.

ಮ್ಯೂಸಿಯಂ ಒಳಗೆ ಎರಡು ಭಾಗ: ಮೊದಲು ನೇಯ್ಗೆ ಯಂತ್ರಗಳು, ಆಮೇಲೆ ಕಾರು. ಎಲ್ಲರೂ ಕಾರಿನ ಕಡೆ ಓಡ್ತಾರೆ. ನೀವು ಓಡಬೇಡಿ. ಟೊಯೋಟಾ ಸಮೂಹದ ಮೂಲಪುರುಷ ಸಕಿಚಿ ಟೊಯೋಡಾ 1924ರಲ್ಲಿ ಪೂರ್ತಿ ಮಾಡಿದ ಜಿ ಮಾದರಿ ಸ್ವಯಂಚಾಲಿತ ಮಗ್ಗದ ಮುಂದೆ ಹತ್ತು ನಿಮಿಷ ನಿಲ್ಲಿ. ಹಾಸಿನ, ಅಂದ್ರೆ ಉದ್ದಕ್ಕೆ ಹೋಗೋ ನೂಲಿನ, ಪ್ರತಿ ಎಳೆಯ ಮೇಲೂ ಒಂದು ತೆಳು ಲೋಹದ ಪಟ್ಟಿ ನೇತಾಡ್ತಿರುತ್ತೆ. ಎಳೆ ಬಿಗಿಯಾಗಿರೋವರೆಗೂ ಪಟ್ಟಿ ಮೇಲೇ ನಿಂತಿರುತ್ತೆ. ಎಳೆ ತುಂಡಾದ ಕ್ಷಣ ಪಟ್ಟಿ ಕೆಳಗೆ ಬಿದ್ದು, ಆಡ್ತಿರೋ ಸರಳಿಗೆ ಅಡ್ಡ ಸಿಕ್ಕಿ ಮಗ್ಗ ನಿಂತುಬಿಡುತ್ತೆ. ಹೊಕ್ಕಿನ ನೂಲು ಮುಗಿಯೋ ಹೊತ್ತಿಗೆ, ಮಗ್ಗ ಓಡ್ತಿರುವಾಗಲೇ ಹೊಸ ಲಾಳಿ ಒಳಗೆ ಬಂದು ಹಳೇದನ್ನ ಹೊರಗೆ ತಳ್ಳುತ್ತೆ. ಇದರ ಪೇಟೆಂಟ್ ಹಕ್ಕನ್ನ 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಕೊಟ್ಟರು. ನಮ್ಮ ಲೈನ್‌ಗಳಲ್ಲಿ ‘ಜಿದೋಕಾ’ ಅಂತ ಗೋಡೆಗೆ ಅಂಟಿಸಿರೋ ಪದ ಇದೆಯಲ್ಲ, ದೋಷ ಬಂದ್ರೆ ಯಂತ್ರ ತಾನೇ ನಿಲ್ಲಬೇಕು ಅನ್ನೋದು, ಅದರ ಮೂಲ ಇಲ್ಲಿ ಕೈಗೆ ಸಿಗೋಷ್ಟು ಹತ್ತಿರದಲ್ಲಿದೆ. ಅಲ್ಲಿನ ಸಿಬ್ಬಂದಿಯನ್ನ ಕೇಳಿದ್ರೆ ಯಂತ್ರ ಓಡಿಸಿ ತೋರಿಸ್ತಾರೆ. ನೇಯ್ಗೆಗೆ ನಲವತ್ತು ನಿಮಿಷ, ಕಾರಿಗೆ ಐವತ್ತು. 2:40ಕ್ಕೆ ಹೊರಗೆ ಬಂದುಬಿಡಿ.

---

ಹುಚ್ಚೆಳ್ಳು ಪುಡಿ (ಚಿಕ್ಕಬಳ್ಳಾಪುರ)

ಊಟದ ವಿಷಯ ನಾನು ಹೇಳ್ತೀನಿ. ಅಲ್ಲಿ ಸಸ್ಯಾಹಾರಿಗೆ ಮಾಂಸ ತೊಂದರೆ ಕೊಡಲ್ಲ, ಕಣ್ಣಿಗೆ ಕಾಣುತ್ತೆ, ಬಿಡಬಹುದು. ತೊಂದರೆ ಕೊಡೋದು ದಾಶಿ. ನಮ್ಮಲ್ಲಿ ಬೇಳೆಕಟ್ಟು ಹೇಗೋ, ಅಲ್ಲಿನ ಅಡುಗೆಗೆ ದಾಶಿ ಹಾಗೆ. ಒಣಗಿಸಿ ಹೊಗೆಯಾಡಿಸಿದ ಬೊನಿಟೋ ಮೀನನ್ನ ತೆಳುವಾಗಿ ತುರಿದು ಬಿಸಿನೀರಲ್ಲಿ ನೆನೆಸಿ ಸೋಸಿದ ಕಟ್ಟು. ಮಿಸೋ ಸಾರು, ನೂಡಲ್ಸ್ ಸಾರು, ಟೆಂಪುರಾ ಅದ್ದಿಕೊಳ್ಳೋ ನೀರು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಇರುತ್ತೆ. ನಾಗೋಯಾದ ಹೆಸರಾಂತ ಕಿಶಿಮೆನ್ ಅನ್ನೋ ಅಗಲ ನೂಡಲ್ಸ್ ಕೂಡ ಈ ಸಾರಲ್ಲೇ ಬರುತ್ತೆ. ಅಲ್ಲಿನ ಕೆಂಪು ಮಿಸೋ ಬರೀ ಸೋಯಾ ಕಾಳಿಂದ ಆಗೋದು, ಅದರಲ್ಲೇನೂ ದೋಷ ಇಲ್ಲ. ಸಾರು ಮಾಡುವಾಗ ಮೀನು ಸೇರುತ್ತೆ.

‘ವೆಜಿಟೇರಿಯನ್’ ಅಂತ ಹೇಳಿದ್ರೆ ಮಾಂಸದ ತುಂಡು ಬೇಡ ಅಂತಷ್ಟೇ ತಿಳ್ಕೊಳ್ಳೋರೇ ಜಾಸ್ತಿ. ಹೀಗೆ ಹೇಳಿ: ‘ನಿಕು ತೊ ಸಕನಾ ಒ ತಬೆಮಾಸೆನ್. ದಾಶಿ ಮೊ ದಾಮೆ ದೆಸು. ತಮಾಗೊ ವಾ ದಾಯ್‌ಜೋಬು ದೆಸು.’ ಮಾಂಸ, ಮೀನು ತಿನ್ನಲ್ಲ, ದಾಶಿಯೂ ಬೇಡ, ಮೊಟ್ಟೆ ಪರವಾಗಿಲ್ಲ ಅಂತ ಅರ್ಥ. ಬಾಯಲ್ಲಿ ಹೇಳೋದಕ್ಕಿಂತ ಇದನ್ನ ಜಪಾನಿ ಲಿಪಿಯಲ್ಲಿ ಪ್ರಿಂಟ್ ಹಾಕಿಸಿ ಜೇಬಲ್ಲಿಟ್ಕೊಳ್ಳಿ. ಅಡುಗೆಮನೆಗೆ ಆ ಚೀಟಿ ತಗೊಂಡು ಹೋಗಿ ಕೇಳ್ಕೊಂಡು ಬರ್ತಾರೆ, ‘ಆಗಲ್ಲ’ ಅಂದ್ರೆ ಬೇಜಾರಿಲ್ಲದೆ ಎದ್ದು ಬನ್ನಿ. ಅವರು ಸುಳ್ಳು ಹೇಳಿ ಬಡಿಸೋಕಿಂತ ಅದು ಎಷ್ಟೋ ಒಳ್ಳೇದು. ರಾತ್ರಿ ಊಟಕ್ಕೆ ಕರೆಯೋ ಕಂಪನಿಯವರಿಗೆ ಮಾತ್ರ ಒಂದು ವಾರ ಮೊದಲೇ ಮೇಲ್ ಮಾಡಿ. ಟೇಬಲ್ ಮುಂದೆ ಕೂತಮೇಲೆ ಹೇಳಿದ್ರೆ ಕರೆದವರಿಗೆ ತುಂಬ ಮುಜುಗರ ಆಗುತ್ತೆ.

ನಾಗೋಯಾ ನಮಗೆ ಒಳ್ಳೇ ಊರು, ಯಾಕಂದ್ರೆ ಅಲ್ಲಿನ ಬೆಳಗಿನ ಕಾಫಿ ಪದ್ಧತಿ. ಬೆಳಿಗ್ಗೆ ಒಂದು ಕಾಫಿ ಹೇಳಿದ್ರೆ ಟೋಸ್ಟ್ ಜೊತೆಗೇ ಬರುತ್ತೆ, ಅದಕ್ಕೆ ಬೇರೆ ದುಡ್ಡಿಲ್ಲ. 1968ರಲ್ಲಿ ಅದೇ ಊರಲ್ಲಿ ಶುರುವಾದ ಕೊಮೇಡಾ ಕಾಫಿ ಅಂಗಡಿಗಳಲ್ಲಿ 11 ಗಂಟೆವರೆಗೆ ಕೊಡ್ತಾರೆ. ಟೋಸ್ಟ್ ಜೊತೆ ಬೇಯಿಸಿದ ಮೊಟ್ಟೆ ಬೇಕಾ, ಮೊಟ್ಟೆ ಪೇಸ್ಟ್ ಬೇಕಾ, ಒಗುರಾ ಬೇಕಾ ಅಂತ ಕೇಳ್ತಾರೆ. ಒಗುರಾ ಅಂದ್ರೆ ಕೆಂಪು ಅಜುಕಿ ಕಾಳು ಬೇಯಿಸಿ ಸಕ್ಕರೆ ಹಾಕಿ ಗಟ್ಟಿ ಮಾಡಿದ್ದು. ಹೋಳಿಗೆ ಹೂರಣ ಬೆಣ್ಣೆ ಹಚ್ಚಿದ ಬ್ರೆಡ್ ಮೇಲೆ ಸವರಿದ ಹಾಗೆ, ಏಲಕ್ಕಿ ಒಂದು ಇಲ್ಲ ಅಷ್ಟೆ. 9:30ರ ಮೀಟಿಂಗಿಗೆ ಮುಂಚೆ ಇದನ್ನ ಹೊಟ್ಟೆ ತುಂಬ ತಿಂದು ಹೋಗಿ.

ಸೋಮವಾರ ಮಧ್ಯಾಹ್ನ ಹೋಟೆಲ್ ಹುಡುಕ್ತಾ ಕೂರಬೇಡಿ. ಯಾವುದಾದ್ರೂ ಕನ್ವೀನಿಯನ್ಸ್ ಸ್ಟೋರಲ್ಲಿ ಒನಿಗಿರಿ ಅಂತ ಅನ್ನದ ಮುದ್ದೆ ಸಿಗುತ್ತೆ. ಉಮೆ, ಅಂದ್ರೆ ಉಪ್ಪಿನಕಾಯಿ ಹಾಕಿದ ಹುಳಿ ಹಣ್ಣಿಂದು, ಇಲ್ಲಾ ಬರೀ ಉಪ್ಪಿಂದು ತಗೊಳ್ಳಿ. ಕೊಂಬು ಅನ್ನೋದು ಕಡಲ ಪಾಚಿ, ಆದ್ರೆ ಅದಕ್ಕೆ ಬೊನಿಟೋ ಸಾರ ಸೇರಿಸೋದು ಸಾಮಾನ್ಯ. ಫೋನಿನ ಟ್ರಾನ್ಸ್‌ಲೇಟ್ ಕ್ಯಾಮೆರಾ ಹಿಡಿದು ಹಿಂದಿನ ಲೇಬಲ್ ಓದಿ, ಉಮೆಯದ್ದನ್ನೂ ಬಿಡದೆ. ನವೆಂಬರ್‌ನಲ್ಲಿ ಸೂಪರ್ ಮಾರ್ಕೆಟ್ ಬಾಗಿಲಲ್ಲೇ ಸುಟ್ಟ ಗೆಣಸು ಬಿಸಿಬಿಸಿ ಇಟ್ಟಿರ್ತಾರೆ. ಸಿಪ್ಪೆ ನೇರಳೆ, ಒಳಗೆ ಹಳದಿ, ಜೇನಿನಷ್ಟು ಸಿಹಿ. ಎರಡು ಒನಿಗಿರಿ, ಒಂದು ಗೆಣಸು, ಊಟ ಮುಗೀತು. ಕಸ ಹಾಕೋಕೆ ಬೀದಿಯಲ್ಲಿ ಡಬ್ಬಿ ಸಿಗಲ್ಲ, ಒಂದು ಖಾಲಿ ಕವರ್ ಬ್ಯಾಗಲ್ಲಿರಲಿ.

ಪೇಟೆಯಲ್ಲಿ ಎಲ್ಲಿ ನೋಡಿದ್ರೂ ಸಿಗೋ ಜಪಾನಿ ಕರಿ ಅನ್ನ ತರಕಾರಿದೇ ಆದ್ರೂ, ಗ್ರೇವಿಯಲ್ಲಿ ದನದ ಇಲ್ಲಾ ಹಂದಿಯ ಕೊಬ್ಬು ಇರೋದು ಹೆಚ್ಚು. ಕೇಳದೆ ತಿನ್ನಬೇಡಿ. ಮನೆಯಿಂದ ಹುರಿಹಿಟ್ಟು, ಚಟ್ನಿಪುಡಿ ತಗೊಂಡು ಹೋಗಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು ಬೇಡ, ಏರ್‌ಪೋರ್ಟ್‌ನಲ್ಲಿ ಗಿಡಗಳ ಕ್ವಾರಂಟೈನ್‌ನವರು ತೆಗೆದುಬಿಡ್ತಾರೆ.

---

ನರಸಾಪುರ ಶಿಫ್ಟ್ (ಕೋಲಾರ)

ಗೇಜ್ ಸರ್, ಅಕ್ಕ, ಇಬ್ಬರಿಗೂ ತುಂಬ ಥ್ಯಾಂಕ್ಸ್. 23 ರಜೆ ಅನ್ನೋದೇ ಗೊತ್ತಿರಲಿಲ್ಲ. ನೀರು ಕಾಯಿಸೋಕೆ ಮನೆಯಿಂದ ಕಾಯಿಲ್ ತಗೊಂಡು ಹೋಗಲಾ? ಬುಧವಾರಕ್ಕೆ ಯಾರಾದ್ರೂ ದಾರಿ ತೋರಿಸಿ. ಸೂಟ್‌ಕೇಸ್ 28 ಇಂಚಿಂದು.

---

ಬೆಟ್ಟದ ಬುಡ (ನಂದಿ)

ಕಾಯಿಲ್ ಬೇಡ. ಅಲ್ಲಿ 100 ವೋಲ್ಟ್. ನಮ್ಮ 230 ವೋಲ್ಟಿಗೆ ಮಾಡಿದ 1000 ವಾಟ್ ಕಾಯಿಲ್ ಅಲ್ಲಿ ಕೊಡೋದು 190 ವಾಟ್ ಹತ್ತಿರ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. ಅರ್ಧ ಲೀಟರ್ ನೀರು ಕುದಿಯೋಕೆ ಕಾಲು ಗಂಟೆ ಹತ್ತಿರ ಆಗುತ್ತೆ. ಹೋಟೆಲ್ ರೂಮಲ್ಲಿ ಕೆಟಲ್ ಇಟ್ಟಿರ್ತಾರೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಮೇಲೆ 100–240 ಅಂತ ಇದ್ರೆ ಸಾಕು. ಸಾಕೆಟ್ ಎರಡು ಚಪ್ಪಟೆ ಪಿನ್ನಿಂದು, ಅರ್ತ್ ತೂತು ಇರಲ್ಲ. ನಮ್ಮ ದಪ್ಪ ಮೂರು ಪಿನ್ ಹಿಡಿದು ಚಪ್ಪಟೆ ಎರಡಕ್ಕೆ ಇಳಿಸೋ ಅಡಾಪ್ಟರ್ ಇಲ್ಲೇ ಕೊಂಡುಕೊಳ್ಳಿ.

ದುಡ್ಡು: ಹೊರಡೋ ಮುಂಚೆ ಬ್ಯಾಂಕ್ ಆ್ಯಪಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ, ಏಟಿಎಂ ಮತ್ತು ಅಂಗಡಿ ಎರಡಕ್ಕೂ. ಸೆವೆನ್-ಇಲೆವೆನ್ ಏಟಿಎಂಗಳು ನಮ್ಮ ವೀಸಾ, ಮಾಸ್ಟರ್ ಕಾರ್ಡ್ ತಗೋತವೆ. ರೈಲಿಗೆ ಏರ್‌ಪೋರ್ಟ್ ಸ್ಟೇಷನ್‌ನಲ್ಲೇ ‘ಮನಕಾ’ ಕಾರ್ಡ್ ತಗೊಳ್ಳಿ, 500 ಯೆನ್ ಠೇವಣಿ. ಮೇಯ್ತೆತ್ಸು, ಸಬ್‌ವೇ, ಜೆಆರ್ (ಜಪಾನ್ ರೈಲ್ವೆ) ಮೂರಕ್ಕೂ ನಡೆಯುತ್ತೆ, ಸ್ಟೋರಲ್ಲೂ ನಡೆಯುತ್ತೆ. ಸ್ಟೇಷನ್ ಯಂತ್ರದಲ್ಲಿ ದುಡ್ಡು ತುಂಬೋದು ನೋಟಲ್ಲಿ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದಿವೆ, ಕೆಲವು ಹಳೇ ಯಂತ್ರಗಳು ಅವನ್ನ ನುಂಗಲ್ಲ. ಒಂದು ಯಂತ್ರ ನೋಟನ್ನ ವಾಪಸ್ ತಳ್ಳಿದ್ರೆ ಪಕ್ಕದ್ದು ನೋಡಿ.

23ಕ್ಕೆ ರೈಲುಗಳು ರಜೆಯ ವೇಳಾಪಟ್ಟಿಯಲ್ಲಿ ಓಡ್ತವೆ. ಮೊಬೈಲ್‌ನಲ್ಲಿ ಬರೀ ‘ಸೋಮವಾರ’ ಅಂತ ಅಂದಾಜು ಹಾಕಬೇಡಿ, ತಾರೀಕು ಹಾಕಿ ಹುಡುಕಿ. ಆವತ್ತು ಸಬ್‌ವೇಗೆ 620 ಯೆನ್ನಿನ ದಿನದ ಟಿಕೆಟ್ ಸಿಗುತ್ತೆ, ಶನಿವಾರ, ಭಾನುವಾರ, ರಜೆ ಮತ್ತು ಪ್ರತಿ ತಿಂಗಳ 8ನೇ ತಾರೀಕಿಗೆ ಮಾತ್ರ. ಕನಿಷ್ಠ ಪ್ರಯಾಣ ದರ 210, ಅಂದ್ರೆ ಮೂರು ಸಲ ಹತ್ತಿದ್ರೇ ಗಿಟ್ಟೋದು. ಮೇಯ್ತೆತ್ಸುಗೆ ಇದು ನಡೆಯಲ್ಲ, ನಿಮ್ಮ ಸಾಕೋ ಪ್ಲಾನಿಗೆ ಬೇಡವೇ ಬೇಡ.

ಮಂಗಳವಾರ ಕಾರಿಯಾಗೆ ಜೆಆರ್, ತೊಯೊಹಾಶಿ ಕಡೆಯ ವೇಗದ ರೈಲಲ್ಲಿ ಸುಮಾರು ಇಪ್ಪತ್ತು ನಿಮಿಷ. ಬೆಳಿಗ್ಗೆ ಕಾರ್ಖಾನೆಗೆ ಹೋಗೋರಿಂದ ತುಂಬಿರುತ್ತೆ. ಬ್ಯಾಗ್ ಬೆನ್ನಿಂದ ಇಳಿಸಿ ಮುಂದೆ ಹಿಡ್ಕೊಳ್ಳಿ. ಸಂಜೆ ವಾಪಸ್ ಬಂದು ಸಬ್‌ವೇಯಲ್ಲಿ ಸಕಾಯೆಗೆ ಹೋಗಿ. ಓಯಸಿಸ್ 21 ಅನ್ನೋ ಕಟ್ಟಡದ ಗಾಜಿನ ಚಾವಣಿ ಮೇಲೆ ನೀರು ನಿಲ್ಲಿಸಿದ್ದಾರೆ, ಅದರ ಸುತ್ತ ನಡೆದಾಡಬಹುದು, ರಾತ್ರಿ 9ರವರೆಗೆ, ಟಿಕೆಟ್ ಇಲ್ಲ. ಪಕ್ಕದಲ್ಲೇ 1954ರ ಟಿವಿ ಟವರ್ ದೀಪ ಹಾಕ್ಕೊಂಡು ನಿಂತಿರುತ್ತೆ.

ಇನ್ನೊಂದು: ನಾಗೋಯಾದಲ್ಲಿ ಎಸ್ಕಲೇಟರ್ ಮೇಲೆ ನಡೆಯೋ ಹಾಗಿಲ್ಲ. 2023ರ ಅಕ್ಟೋಬರ್‌ನಿಂದ ನಗರದ ನಿಯಮವೇ ಇದೆ, ಎಡಕ್ಕಾಗಲಿ ಬಲಕ್ಕಾಗಲಿ ನಿಂತೇ ಹೋಗಬೇಕು. ಮೀಟಿಂಗಿಗೆ ತಡವಾಯ್ತು ಅಂತ ಓಡೋದು ಮೆಟ್ಟಿಲ ಮೇಲೆ.

---

ಮಾಲೂರು ಹೆಂಚು (ಮಾಲೂರು)

ಬುಧವಾರಕ್ಕೆ ನನ್ನ ಉತ್ತರ ಒಂದೇ, ತೊಕೊನಾಮೆ. ಏರ್‌ಪೋರ್ಟ್ ಕಟ್ಟಿರೋದು ಸಮುದ್ರದ ಮೇಲಿನ ಕೃತಕ ದ್ವೀಪದಲ್ಲಿ, ಅದಕ್ಕೆ ಎದುರು ದಡದ ಊರೇ ತೊಕೊನಾಮೆ. ಜಪಾನಿನ ಆರು ಪುರಾತನ ಕುಂಬಾರಿಕೆ ಊರುಗಳಲ್ಲಿ ಒಂದು. ಹೆಂಚು, ಇಟ್ಟಿಗೆ ಗೂಡು ನೋಡ್ತಾ ಬೆಳೆದ ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ಊರು ಆ ದೇಶದಲ್ಲಿ ಸಿಗಲ್ಲ.

ಸೂಟ್‌ಕೇಸ್ ಮೊದಲು. ನಾಗೋಯಾ ಸ್ಟೇಷನ್‌ನ ದೊಡ್ಡ ಲಾಕರ್‌ಗಳು ಬೆಳಿಗ್ಗೆಯೇ ತುಂಬಿಬಿಡ್ತವೆ. ಅದಕ್ಕೆ ಕಾಯೋದು ಬಿಟ್ಟು, ಹೋಟೆಲ್ ಖಾಲಿ ಮಾಡುವಾಗ ಸೂಟ್‌ಕೇಸ್ ಅಲ್ಲೇ ರಿಸೆಪ್ಷನ್‌ಗೆ ಕೊಡಿ, ಇಟ್ಕೋತಾರೆ. 12:30ಕ್ಕೆ ತಗೊಂಡು ನೇರ ಏರ್‌ಪೋರ್ಟಿಗೆ ಹೋಗಿ. ಮ್ಯೂ-ಸ್ಕೈ ರೈಲು 28 ನಿಮಿಷ, ಎಲ್ಲ ಸೀಟೂ ರಿಸರ್ವ್, ಪ್ರಯಾಣ ದರದ ಮೇಲೆ ಸೀಟಿಗೆ ಬೇರೆ ಟಿಕೆಟ್ ಬೇಕು. ಮನಕಾ ಕಾರ್ಡ್ ಒಂದೇ ತೋರಿಸಿ ಹತ್ತಿದ್ರೆ ಒಳಗೆ ಬಂದು ದುಡ್ಡು ಕೇಳ್ತಾರೆ. ಏರ್‌ಪೋರ್ಟಲ್ಲಿ ಲಗೇಜ್ ಇಡೋ ಕೌಂಟರಿಗೆ ಸೂಟ್‌ಕೇಸ್ ಕೊಟ್ಟು, ಕೈಬೀಸ್ಕೊಂಡು ವಾಪಸ್ ರೈಲಲ್ಲಿ ತೊಕೊನಾಮೆಗೆ ಬನ್ನಿ, ಐದು ನಿಮಿಷದ ದಾರಿ. ಆದ್ರೆ ಮ್ಯೂ-ಸ್ಕೈ ಬಹುತೇಕ ಅಲ್ಲಿ ನಿಲ್ಲಲ್ಲ, ಬೇರೆ ರೈಲು ಹತ್ತಿ. ಉಲ್ಟಾ ಮಾಡಿ ಸೂಟ್‌ಕೇಸ್ ಎಳ್ಕೊಂಡು ತೊಕೊನಾಮೆಲಿ ಇಳಿದ್ರೆ ಕಷ್ಟ, ದಾರಿ ಎಲ್ಲ ಏರು, ಕಿರಿದು, ಚಕ್ರ ಉರುಳಲ್ಲ.

ಸ್ಟೇಷನ್‌ನಿಂದ ಸ್ವಲ್ಪ ದೂರದಲ್ಲಿ ಕುಂಬಾರಿಕೆ ನಡಿಗೆ ದಾರಿ ಶುರು. ‘ಎ’ ದಾರಿ 1.6 ಕಿಲೋಮೀಟರ್, ಅದು ಸಾಕು. ಕೊಳವೆ ಇಳಿಜಾರು ಅಂತ ಒಂದು ಜಾಗ ಬರುತ್ತೆ: ಒಂದು ಬದಿಯ ಗೋಡೆ ಪೂರ್ತಿ ಹಳೇ ಮಣ್ಣಿನ ಪೈಪುಗಳದ್ದು, ಇನ್ನೊಂದು ಬದಿ ಮದ್ಯ ತುಂಬ್ತಿದ್ದ ಜಾಡಿಗಳದ್ದು. ನೆಲಕ್ಕೆ, ಕಾಲು ಜಾರದ ಹಾಗೆ, ಸುಟ್ಟ ಮಣ್ಣಿನ ಬಳೆ ಹಾಸಿದ್ದಾರೆ. ಮುಂದೆ ಏರುಗೂಡು. 1887ರಲ್ಲಿ ಕಟ್ಟಿದ್ದು, 1974ರವರೆಗೆ ಬೆಂಕಿ ಕಂಡಿದೆ, ಜಪಾನಿನಲ್ಲಿ ಉಳಿದಿರೋ ಏರುಗೂಡುಗಳಲ್ಲೇ ದೊಡ್ಡದು. ಹದಿನೇಳು ಡಿಗ್ರಿ ಇಳಿಜಾರಲ್ಲಿ ಎಂಟು ಕೋಣೆ, ಒಂದರ ಮೇಲೊಂದು ಮೆಟ್ಟಿಲಿನ ಹಾಗೆ. ಕೆಳಗಿನ ಕೋಣೆಯ ಬಿಸಿ ಮೇಲಿನದಕ್ಕೆ ಏರುತ್ತೆ, ಹಾಗಾಗಿ ಸೌದೆ ಉಳಿಯುತ್ತೆ. ಕೊನೆಗೆ ಹತ್ತು ಚಿಮಣಿ. ಗಮನಿಸಿ ನೋಡಿ, ಅಂಚಿನವು ಎತ್ತರ, ನಡುವಿನವು ಗಿಡ್ಡ. ಗೂಡಿನ ಅಂಚು ಬೇಗ ಆರುತ್ತೆ, ಅಲ್ಲಿಗೆ ಬೆಂಕಿ ಎಳೆಯೋಕೆ ಎತ್ತರದ ಚಿಮಣಿ ಬೇಕು. ಮಾಲೂರಿನ ಯಾವ ಗೂಡಿನ ಮೇಸ್ತ್ರಿಗೆ ತೋರಿಸಿದ್ರೂ ಒಂದು ನಿಮಿಷದಲ್ಲಿ ಅರ್ಥ ಆಗುತ್ತೆ.

ಮನೆಗೆ ತರೋದಾದ್ರೆ ಕ್ಯೂಸು, ಕೆಂಪು ಮಣ್ಣಿನ ಸಣ್ಣ ಟೀ ಹೂಜಿ. ನೀವು ಬಿಡಿಭಾಗದವರು, ಮುಚ್ಚಳ ನೋಡಿ ಆರಿಸಿ. ಒಳ್ಳೇದರಲ್ಲಿ ಸುಟ್ಟ ಮೇಲೆ ಮುಚ್ಚಳವನ್ನೂ ಬಾಯನ್ನೂ ಒಂದಕ್ಕೊಂದು ಉಜ್ಜಿ ಕೂರಿಸಿರ್ತಾರೆ, ನಮ್ಮ ವಾಲ್ವ್ ಲ್ಯಾಪಿಂಗ್ ಇದ್ದ ಹಾಗೇ. ಅಂಗಡಿಯವರನ್ನ ಕೇಳಿ, ಮುಚ್ಚಳ ಮೆಲ್ಲಗೆ ತಿರುಗಿಸಿ. ಅಲ್ಲಾಡಬಾರದು, ಗರಗರ ಅನ್ನಬಾರದು. ಮನೆಗೆ ಬಂದು ನೀರು ತುಂಬಿ, ಮುಚ್ಚಳದ ತೂತಿಗೆ ಬೆರಳಿಟ್ಟು ಬಗ್ಗಿಸಿದ್ರೆ ಧಾರೆ ನಿಂತುಹೋಗಬೇಕು. ಕೈಬ್ಯಾಗಲ್ಲೇ ತನ್ನಿ, ಸೂಟ್‌ಕೇಸಿಗೆ ಹಾಕಬೇಡಿ, ಒಡೆಯೋದು ಮೂತಿಯೇ.

ನವೆಂಬರ್ ಕೊನೆಗೆ ಅಲ್ಲಿ 4:40ಕ್ಕೆಲ್ಲ ಸೂರ್ಯ ಮುಳುಗುತ್ತೆ, ಅಂಗಡಿಗಳೂ ಬೇಗ ಬಾಗಿಲು ಹಾಕ್ತವೆ. 2 ಗಂಟೆಯೊಳಗೆ ನಡಿಗೆ ಶುರು ಮಾಡಿ.

---

ನರಸಾಪುರ ಶಿಫ್ಟ್ (ಕೋಲಾರ)

ಮಾಲೂರು ಅಣ್ಣ, ಬುಧವಾರ ಇದೇ. ಮ್ಯಾನೇಜರ್ ಅತ್ಸುತಾ ದೇವಸ್ಥಾನ ನೋಡ್ಲೇಬೇಕು ಅಂದ್ರು. ಎರಡೂ ಆಗುತ್ತಾ?

---

ವಸಂತನರಸಾಪುರ ಗೇಜ್ (ತುಮಕೂರು)

ಬುಧವಾರ ಸೇರಿಸಬೇಡಿ, ತೊಕೊನಾಮೆ ಕತ್ತಲಾಗುತ್ತೆ. ಅತ್ಸುತಾ ಆವರಣಕ್ಕೆ ಗೇಟಿಲ್ಲ, ಟಿಕೆಟ್ಟಿಲ್ಲ, ಯಾವ ಹೊತ್ತಲ್ಲೂ ಒಳಗೆ ಹೋಗಬಹುದು. ಹೋಗೋದಾದ್ರೆ ಮಂಗಳವಾರ ಬೆಳಿಗ್ಗೆ ಆರೂವರೆಗೆ ಬೆಳಕಾದ ಕೂಡಲೇ ಹೋಗಿ. ಮೇಯ್ತೆತ್ಸುನಲ್ಲಿ ಜಿಂಗೂ-ಮಾಯೆ ಸ್ಟೇಷನ್, ಹತ್ತು ನಿಮಿಷದೊಳಗೆ, ಇಳಿದು ಮೂರು ನಿಮಿಷ ನಡಿಗೆ. ಸಾಮ್ರಾಟರ ಮೂರು ಪವಿತ್ರ ವಸ್ತುಗಳಲ್ಲಿ ಒಂದಾದ ಕತ್ತಿ ಅಲ್ಲಿದೆ ಅಂತ ನಂಬಿಕೆ, ಅದನ್ನ ಯಾರಿಗೂ ತೋರಿಸಲ್ಲ. ನೋಡಬೇಕಾದ್ದು ಸಾವಿರ ವರ್ಷ ದಾಟಿದ್ದು ಅಂತ ಹೇಳೋ ಕರ್ಪೂರದ ಮರ, ಮತ್ತೆ ಓಡಾ ನೊಬುನಾಗಾ ಅನ್ನೋ ಸೇನಾನಾಯಕ 1560ರ ಓಕೆಹಜಾಮಾ ಯುದ್ಧ ಗೆದ್ದ ಹರಕೆಗೆ ಕಟ್ಟಿಸಿದ ಮಣ್ಣು–ಹೆಂಚಿನ ಗೋಡೆ. ನಲವತ್ತು ನಿಮಿಷ ಸಾಕು. 7:20ಕ್ಕೆ ವಾಪಸ್ ಹೊರಟ್ರೆ ಕಾರಿಯಾ ರೈಲಿಗೆ ಮೊದಲು ಅಕ್ಕ ಹೇಳಿದ ಹೂರಣದ ಟೋಸ್ಟಿಗೂ ಸಮಯ ಇರುತ್ತೆ. ಪ್ಲಾಂಟ್‌ನವರು ಎಷ್ಟು ಗಂಟೆಗೆ ಕರೆದಿದ್ದಾರೆ ಅಂತ ಹೇಳಿ, ಯಾವ ರೈಲು ಅಂತ ನೋಡಿ ಹೇಳ್ತೀನಿ.